ಜೀಪಿನ ಎರಡನೆಯ ಗೇರು ಪೆಟ್ಟಿಗೆ

ಮೋಟಾರು ವಾಹನಗಳಲ್ಲಿ ಎಂಜಿನ್ನು ಉತ್ಪಾದಿಸುವ ಸಾಮರ್ಥ್ಯವು ಗೇರು ಪೆಟ್ಟಿಗೆಯನ್ನು ಹಾದು ಗಾಲಿಗಳನ್ನು ಸೇರುತ್ತದೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸಾಮಾನ್ಯ ಕಾರಿನಲ್ಲಿ ಇಂಥ ಪೆಟ್ಟಿಗೆ ಒಂದೇ. ಆದರೆ ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳ ಏರುದಾರಿಯಲ್ಲಿ ದುಡಿದ ಹಳೆಯ ಜೀಪೊಂದರ ಕೆಳಗೆ ಬಗ್ಗಿ ನೋಡಿದರೆ, ಗೇರು ಪೆಟ್ಟಿಗೆಯ ಬೆನ್ನಿಗೆ ಅಂಟಿಕೊಂಡಂತೆ ಇನ್ನೊಂದು ಬೀಡು ಕಬ್ಬಿಣದ ಪೆಟ್ಟಿಗೆ ಕಾಣುತ್ತದೆ. ಅದರಿಂದ ಎರಡು ದಂಡಗಳು ಹೊರಡುತ್ತವೆ. ಒಂದು ಹಿಂದಿನ ಆಕ್ಸಲಿಗೆ, ಮತ್ತೊಂದು ಮುಂದಿನ ಆಕ್ಸಲಿಗೆ. ಈ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎಂದು ಹೆಸರು. ಹಂಚಿಕೆಯ ಪೆಟ್ಟಿಗೆ ಎಂದು ಕನ್ನಡದಲ್ಲಿ ಹೇಳಬಹುದಾದರೂ, ಮೆಕಾನಿಕರ ಬಾಯಲ್ಲಿ ಇಂಗ್ಲಿಷ್ ಹೆಸರೇ ಬೇರೂರಿರುವುದರಿಂದ ನಾವೂ ಅದನ್ನೇ ಬಳಸೋಣ.

ಈ ಪೆಟ್ಟಿಗೆಯ ಕೆಲಸ ಎರಡು. ಮೊದಲನೆಯದು, ಬಂದ ಚಲನೆಯನ್ನು ಹಿಂದಿನ ಗಾಲಿಗಳಿಗೆ ಮಾತ್ರವೇ ಅಥವಾ ನಾಲ್ಕೂ ಗಾಲಿಗಳಿಗೆ ಕೊಡುವುದು. ಎರಡನೆಯದು, ಬೇಕಾದಾಗ ವೇಗವನ್ನು ಇನ್ನಷ್ಟು ತಗ್ಗಿಸಿ ತಿರುಗುಬಲವನ್ನು ಹೆಚ್ಚಿಸುವುದು. ಪೆಟ್ಟಿಗೆ ಸವೆದಾಗ ಅದನ್ನು ಬಿಚ್ಚಿ ಕಟ್ಟುವುದು ಬರಿಯ ಕೈಚಳಕದ ಕೆಲಸವೆಂದು ಹಲವರ ಎಣಿಕೆ. ವಾಸ್ತವದಲ್ಲಿ ಅದು ಮೊದಲಿನಿಂದ ಕೊನೆಯವರೆಗೂ ಅಳತೆಯ ಕೆಲಸ. ಯಾವ ಪೆಟ್ಟಿಗೆ ಎಂದು ಅಳತೆಯಿಂದ ಗುರುತಿಸದೆ ಬಿಡಿಭಾಗ ಕೊಂಡವನು ಹಣವನ್ನು ಕಳೆದುಕೊಳ್ಳುತ್ತಾನೆ; ಯಂತ್ರದ ತತ್ತ್ವವನ್ನು ಅರಿಯದೆ ಅದರ ಕೆಳಗೆ ಮಲಗಿದವನು ಪ್ರಾಣವನ್ನೇ ಅಪಾಯಕ್ಕೊಡ್ಡುತ್ತಾನೆ.

ಪೆಟ್ಟಿಗೆಯ ವಂಶಾವಳಿ

1940ನೆಯ ಇಸವಿಯಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕೂ ಗಾಲಿಗಳಿಂದ ನಡೆಯುವ ವಾಹನವೊಂದನ್ನು ಅಪೇಕ್ಷಿಸಿತು. ಬ್ಯಾಂಟಮ್ ಎಂಬ ಚಿಕ್ಕ ಕಂಪನಿಯು ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ ನೆರವಿನಿಂದ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊದಲ ಮಾದರಿಯನ್ನು ಒಪ್ಪಿಸಿತು. ಬಳಿಕ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧಕಾಲದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಇವುಗಳ ಟ್ರಾನ್ಸ್‌ಫರ್ ಕೇಸ್ ಸ್ಪೈಸರ್ ಸಂಸ್ಥೆಯ 18ನೆಯ ಮಾದರಿ. ಕಾರುಗಳಿಗಾಗಿ ಯೂನಿವರ್ಸಲ್ ಜಾಯಿಂಟನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದ ಕ್ಲಾರೆನ್ಸ್ ಸ್ಪೈಸರನು ಕಟ್ಟಿದ ಸಂಸ್ಥೆಯಿದು. 1946ರಲ್ಲಿ ಅದಕ್ಕೆ ಡಾನಾ ಎಂದು ಮರುನಾಮಕರಣವಾಯಿತು. ಆದುದರಿಂದಲೇ ಒಂದೇ ಪೆಟ್ಟಿಗೆಯನ್ನು ಕೆಲವರು ಸ್ಪೈಸರ್ 18 ಎಂದೂ ಕೆಲವರು ಡಾನಾ 18 ಎಂದೂ ಕರೆಯುವುದುಂಟು. ಯುದ್ಧದ ಬಳಿಕ ನಾಗರಿಕರಿಗಾಗಿ ಬಂದ ಸಿಜೆ ಜೀಪುಗಳಲ್ಲಿಯೂ ಇದೇ ಪೆಟ್ಟಿಗೆ 1971ರವರೆಗೆ ಮುಂದುವರಿಯಿತು.

ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಬಂದು 1968ರಲ್ಲಿ ನಿಂತುಹೋದ ಸಿಜೆ-3ಬಿ ಎಂಬ ಎತ್ತರದ ಬಾನೆಟ್ಟಿನ ಮಾದರಿಯು ನಮ್ಮ ದೇಶದಲ್ಲಿ ಅನಂತರವೂ ದಶಕಗಳ ಕಾಲ ತಯಾರಾಯಿತು. ಈ ಕಾರಣದಿಂದ 18ನೆಯ ಮಾದರಿಯ ಪೆಟ್ಟಿಗೆಯು ಅಮೆರಿಕದಷ್ಟೇ ಇಲ್ಲಿಯ ವರ್ಕ್‌ಷಾಪುಗಳಿಗೂ ಪರಿಚಿತ. ಈ ಲೇಖನದಲ್ಲಿ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಒಳಗೆ ಏನು ನಡೆಯುತ್ತದೆ?

ಪೆಟ್ಟಿಗೆಯೊಳಗೆ ಮೂರು ಅಕ್ಷಗಳುಂಟು. ಗೇರು ಪೆಟ್ಟಿಗೆಯಿಂದ ಹೊರಚಾಚಿದ ದಂಡದ ತುದಿಯಲ್ಲಿ ಒಂದು ಹಲ್ಲುಚಕ್ರವಿದೆ. ಇದನ್ನು ಒಳಬರುವ ಚಕ್ರವೆನ್ನೋಣ. ಅದರ ಪಕ್ಕದಲ್ಲಿ ಮಧ್ಯದಂಡ. ಈ ದಂಡ ತಿರುಗುವುದಿಲ್ಲ. ಅದನ್ನು ಒಂದು ಬೀಗತಗಡು ಹಿಡಿದಿರುತ್ತದೆ. ಅದರ ಮೇಲೆ, ಸೂಜಿ ಬೇರಿಂಗುಗಳ ಆಧಾರದಲ್ಲಿ, ಒಂದು ದೊಡ್ಡ ಮತ್ತು ಒಂದು ಚಿಕ್ಕ ಹಲ್ಲುಚಕ್ರಗಳನ್ನು ಒಂದೇ ತುಂಡಾಗಿ ಮಾಡಿದ ಜೋಡಿಚಕ್ರ ತಿರುಗುತ್ತದೆ. ಮೂರನೆಯದು ಹೊರಹೋಗುವ ದಂಡ. ಇದರ ಮೇಲೆ ದಂಡಕ್ಕೆ ಬಿಗಿಯದೆ ಸ್ವತಂತ್ರವಾಗಿ ಸುತ್ತುವ ಒಂದು ಚಕ್ರವೂ, ದಂಡದ ಗೀರುಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಸರಿಯಬಲ್ಲ ಇನ್ನೊಂದು ಚಕ್ರವೂ ಇವೆ.

ಒಳಬರುವ ಚಕ್ರದ ಹಲ್ಲುಗಳ ಸಂಖ್ಯೆ ಅ, ಜೋಡಿಚಕ್ರದ ದೊಡ್ಡ ಭಾಗದ ಹಲ್ಲುಗಳು ಬ, ಚಿಕ್ಕ ಭಾಗದ ಹಲ್ಲುಗಳು ಕ, ಸರಿಯುವ ಚಕ್ರದ ಹಲ್ಲುಗಳು ಡ ಎಂದಿರಲಿ. ಸ್ವತಂತ್ರವಾಗಿ ಸುತ್ತುವ ಚಕ್ರದ ಹಲ್ಲುಗಳ ಸಂಖ್ಯೆಯೂ ಅ.

‘ಹೈ’ ಸ್ಥಾನದಲ್ಲಿ ಸರಿಯುವ ಚಕ್ರವು ಸ್ವತಂತ್ರ ಚಕ್ರದೊಡನೆ ಕಚ್ಚಿಕೊಂಡು ಅದನ್ನು ದಂಡಕ್ಕೆ ಬಿಗಿಯುತ್ತದೆ. ಆಗ ವೇಗ ತಗ್ಗುವ ಪ್ರಮಾಣ (ಬ/ಅ) × (ಅ/ಬ) = 1. ಮಧ್ಯದ ಚಕ್ರದ ಹಲ್ಲುಗಳು ಎಷ್ಟೇ ಇರಲಿ, ಲೆಕ್ಕದಲ್ಲಿ ಅದು ಹೊಡೆದುಹೋಗುತ್ತದೆ. ಹೊರಹೋಗುವ ದಂಡವು ಒಳಬರುವ ದಂಡದ ವೇಗದಲ್ಲಿಯೇ, ಅದೇ ದಿಕ್ಕಿನಲ್ಲಿ ತಿರುಗುತ್ತದೆ.

‘ಲೋ’ ಸ್ಥಾನದಲ್ಲಿ ಸರಿಯುವ ಚಕ್ರವು ಜೋಡಿಚಕ್ರದ ಚಿಕ್ಕ ಭಾಗದೊಡನೆ ಹಲ್ಲು ಸೇರಿಸುತ್ತದೆ. ಪ್ರಮಾಣ (ಬ/ಅ) × (ಡ/ಕ) ಆಗುತ್ತದೆ. ಯುದ್ಧಕಾಲದ ಜೀಪಿನಲ್ಲಿ ಇದು 1.97, ಅನಂತರದ ಸಿಜೆ ಜೀಪುಗಳಲ್ಲಿ ಸುಮಾರು 2.43. ಈ ಎರಡು ಸ್ಥಾನಗಳ ನಡುವೆ ಯಾವುದಕ್ಕೂ ಸೇರದ ನ್ಯೂಟ್ರಲ್ ಸ್ಥಾನವೂ ಉಂಟು. ಮುಂದಿನ ಆಕ್ಸಲಿಗೆ ಹೋಗುವ ದಂಡವನ್ನು ಸೇರಿಸುವುದಕ್ಕೂ ಬಿಡಿಸುವುದಕ್ಕೂ ಬೇರೆಯೇ ಒಂದು ಹಲ್ಲು-ಕ್ಲಚ್ಚು ಇದೆ.

‘ಲೋ’ಗೆ ನಾಲ್ಕು ಗಾಲಿಗಳೇಕೆ ಬೇಕು?

ಈ ಪೆಟ್ಟಿಗೆಯಲ್ಲಿ ಮುಂದಿನ ಗಾಲಿಗಳ ಚಾಲನೆಯನ್ನು ಸೇರಿಸದೆ ‘ಲೋ’ ಹಾಕಲು ಬರುವುದಿಲ್ಲ. ಎರಡು ಸನ್ನೆದಂಡಗಳ ನಡುವೆ ಇಟ್ಟಿರುವ ಒಂದು ಚಿಕ್ಕ ಉಕ್ಕಿನ ಗುಳಿಗೆ ಅದನ್ನು ತಡೆಯುತ್ತದೆ. ಇದು ತಯಾರಕರ ಹಟವಲ್ಲ. ಲೆಕ್ಕ ಮಾಡಿದರೆ ಕಾರಣ ತಿಳಿಯುತ್ತದೆ.

ಸಿಜೆ-3ಬಿಯ ಎಂಜಿನ್ನಿನ ಗರಿಷ್ಠ ತಿರುಗುಬಲ ಸುಮಾರು 155 ನ್ಯೂಟನ್-ಮೀಟರ್. ಮೊದಲನೆಯ ಗೇರಿನ ಪ್ರಮಾಣ 2.80, ಟ್ರಾನ್ಸ್‌ಫರ್ ಕೇಸಿನ ‘ಲೋ’ 2.43, ಆಕ್ಸಲಿನ ಪ್ರಮಾಣ 5.38. ಇವುಗಳ ಗುಣಲಬ್ಧ ಸುಮಾರು 36.6. ಘರ್ಷಣೆಯ ನಷ್ಟವನ್ನು ಬಿಟ್ಟರೆ ಗಾಲಿಗಳನ್ನು ತಲಪುವ ತಿರುಗುಬಲ 155 × 36.6, ಎಂದರೆ ಸುಮಾರು 5,670 ನ್ಯೂಟನ್-ಮೀಟರ್. ಗಾಲಿಯ ತ್ರಿಜ್ಯ 0.36 ಮೀಟರ್ ಎಂದುಕೊಂಡರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ ಸುಮಾರು 15,750 ನ್ಯೂಟನ್. ಇಡೀ ಜೀಪಿನ ತೂಕವೇ ಸುಮಾರು 10,000 ನ್ಯೂಟನ್! ಎಂಜಿನ್ನು ಕೊಡಬಲ್ಲ ಬಲವನ್ನೆಲ್ಲ ನೆಲವು ಹಿಡಿಯಲಾರದು. ಘರ್ಷಣೆಗೂ ಒಂದು ಮಿತಿಯಿದೆ.

ಈ ಬಲವೆಲ್ಲ ಹಿಂದಿನ ಆಕ್ಸಲೊಂದರ ಮೂಲಕವೇ ಹೋದರೆ, ಗಾಲಿಗಳು ಕೆಸರಿನಲ್ಲಿ ಜಾರುವುದು ಒಂದು ತೊಂದರೆ. ಅವು ಬಂಡೆಯ ಮೇಲೆ ಜಾರದೆ ಕಚ್ಚಿ ನಿಂತರೆ ಆಕ್ಸಲಿನ ದಂಡವೇ ತಿರುಚಿ ಮುರಿಯುವುದು ಇನ್ನೂ ದೊಡ್ಡ ತೊಂದರೆ. ನಾಲ್ಕು ಗಾಲಿಗಳಿಗೆ ಹಂಚಿದಾಗ ಹೊರೆಯೂ ಹಂಚಿಹೋಗುತ್ತದೆ. ಆದುದರಿಂದ ಆ ಗುಳಿಗೆಯನ್ನು ಆಕ್ಸಲಿನ ಕಾವಲುಗಾರನೆಂದೇ ತಿಳಿಯಬೇಕು. ಪೆಟ್ಟಿಗೆ ಕಟ್ಟುವಾಗ ಅದನ್ನು ಬಿಟ್ಟುಬಿಟ್ಟರೆ ಜೀಪು ಓಡುತ್ತದೆ. ಆದರೆ ಕಾವಲಿಲ್ಲದೆ ಓಡುತ್ತದೆ.

ಹಲ್ಲುಚಕ್ರಗಳು ಸಾಮರ್ಥ್ಯವನ್ನು ಸೃಷ್ಟಿಸುವುದಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಎಂಜಿನ್ನು ನಿಮಿಷಕ್ಕೆ 1,000 ಸುತ್ತು ತಿರುಗುವಾಗ ಗಾಲಿ ತಿರುಗುವುದು ಕೇವಲ 27 ಸುತ್ತು. ವಾಹನದ ವೇಗ ಗಂಟೆಗೆ ಸುಮಾರು 3.7 ಕಿಲೋಮೀಟರ್, ನಡೆಯುವ ಮನುಷ್ಯನು ಅದನ್ನು ಹಿಂದೆ ಹಾಕಬಲ್ಲನು. ಬಲದಲ್ಲಿ ಪಡೆದುದನ್ನು ವೇಗದಲ್ಲಿ ಕೊಡಲೇಬೇಕು.

ಮಧ್ಯದಂಡವೇ ಏಕೆ ಮೊದಲು ಸವೆಯುತ್ತದೆ?

ಹಳೆಯ ಪೆಟ್ಟಿಗೆಯನ್ನು ಬಿಚ್ಚಿದಾಗ ಮೊದಲು ಪರೀಕ್ಷಿಸಬೇಕಾದದ್ದು ಮಧ್ಯದಂಡ. ಕಾರಣ ಕುತೂಹಲಕರವಾಗಿದೆ. ‘ಹೈ’ ಸ್ಥಾನದಲ್ಲಿ ಮಧ್ಯದ ಚಕ್ರವು ಬರಿಯ ದಲ್ಲಾಳಿ. ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುತ್ತದೆ. ತಾನು ಯಾವ ತಿರುಗುಬಲವನ್ನೂ ಉಳಿಸಿಕೊಳ್ಳುವುದಿಲ್ಲ. ಹಾಗಾದರೆ ಅದರ ದಂಡದ ಮೇಲೆ ಹೊರೆಯೇ ಇಲ್ಲವೆಂದು ತೋರಬಹುದು. ನಿಜ ಇದಕ್ಕೆ ವಿರುದ್ಧವಾದುದು.

ಮೂರು ಚಕ್ರಗಳ ಕೇಂದ್ರಗಳು ಒಂದೇ ಸಾಲಿನಲ್ಲಿವೆ ಎಂದು ಭಾವಿಸೋಣ. ಒಳಬರುವ ಚಕ್ರವು ಮಧ್ಯಚಕ್ರದ ಎಡಅಂಚನ್ನು ಬಲ ‘ಬಿ’ಯಿಂದ ಕೆಳಕ್ಕೆ ಒತ್ತುತ್ತದೆ. ಹೊರಹೋಗುವ ಚಕ್ರವು ಪ್ರತಿಕ್ರಿಯೆಯಾಗಿ ಬಲಅಂಚನ್ನು ಒತ್ತುತ್ತದೆ. ಚಕ್ರ ಸಮವೇಗದಿಂದ ತಿರುಗಬೇಕಾದರೆ ಈ ಎರಡು ಬಲಗಳ ಭ್ರಾಮಕಗಳು ಪರಸ್ಪರ ರದ್ದಾಗಬೇಕು. ಎದುರುಬದುರು ಅಂಚುಗಳಲ್ಲಿರುವ ಬಲಗಳ ಭ್ರಾಮಕಗಳು ರದ್ದಾಗಬೇಕಾದರೆ ಬಲಗಳು ಒಂದೇ ದಿಕ್ಕಿನವಾಗಿರಬೇಕು. ಎಂದರೆ ಎರಡೂ ಕೆಳಕ್ಕೇ! ಭ್ರಾಮಕಗಳು ಕಳೆದುಹೋಗುತ್ತವೆ, ಬಲಗಳು ಕೂಡಿಕೊಳ್ಳುತ್ತವೆ. ದಂಡದ ಮೇಲೆ ಬೀಳುವ ಒತ್ತಡ 2ಬಿ. ವಾಸ್ತವದಲ್ಲಿ ಕೇಂದ್ರಗಳು ನೇರ ಸಾಲಿನಲ್ಲಿಲ್ಲದಿದ್ದರೆ ಮೊತ್ತ ಸ್ವಲ್ಪ ಕಡಮೆಯಾದೀತು, ತತ್ತ್ವ ಬದಲಾಗದು.

ಇನ್ನೊಂದು ಸಂಗತಿ. ದಂಡವು ತಿರುಗದೆ ನಿಂತಿರುವುದರಿಂದ, ಜೀಪು ಮುಂದಕ್ಕೆ ಎಳೆಯುವಾಗಲೆಲ್ಲ ಈ ಒತ್ತಡ ದಂಡದ ಒಂದೇ ಬದಿಯ ಮೇಲೆ ಬೀಳುತ್ತದೆ. ಆದುದರಿಂದ ಸೂಜಿ ಬೇರಿಂಗುಗಳು ಆ ಬದಿಯಲ್ಲಿಯೇ ಗೆರೆಗೆರೆಯಾಗಿ ಕಾಲುವೆ ಕೊರೆಯುತ್ತವೆ. ದಂಡದ ಮೇಲೆ ಉಗುರನ್ನು ಅಡ್ಡಲಾಗಿ ಎಳೆದಾಗ ಅದು ಎಲ್ಲಿಯಾದರೂ ತೊಡರಿದರೆ ದಂಡವನ್ನು ಬದಲಾಯಿಸಬೇಕು. ಹಳೆಯ ದಂಡಕ್ಕೆ ಹೊಸ ಸೂಜಿಗಳನ್ನು ಹಾಕುವುದು, ಗುಂಡಿ ಬಿದ್ದ ರಸ್ತೆಯಲ್ಲಿ ಹೊಸ ಗಾಡಿ ಓಡಿಸಿದಂತೆ.

ತಯಾರಕರಿಗೂ ಈ ಸತ್ಯ ಬೇಗನೆ ಅರಿವಾಯಿತು. ಯುದ್ಧಕಾಲದ ಪೆಟ್ಟಿಗೆಯ ಮಧ್ಯದಂಡದ ವ್ಯಾಸ ಮುಕ್ಕಾಲು ಅಂಗುಲ. 1946ರ ಸುಮಾರಿಗೆ ಅದನ್ನು ಒಂದೂ ಎಂಟನೆಯ ಒಂದು ಅಂಗುಲಕ್ಕೂ, 1955ರ ಸುಮಾರಿಗೆ ಒಂದೂಕಾಲು ಅಂಗುಲಕ್ಕೂ ಹೆಚ್ಚಿಸಿದರು. ಹೆಚ್ಚಳ ಅಲ್ಪವೆಂದು ಕಂಡೀತು. ಆದರೆ ದುಂಡು ದಂಡವು ಬಾಗದಂತೆ ತಡೆಯುವ ಬಿಗುವು ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಮುಕ್ಕಾಲು ಅಂಗುಲದಿಂದ ಒಂದೂಕಾಲು ಅಂಗುಲಕ್ಕೆ ಹೋದಾಗ ವ್ಯಾಸ 1.67 ಪಟ್ಟು, ಬಿಗುವು ಸುಮಾರು 7.7 ಪಟ್ಟು!

ಪೆಟ್ಟಿಗೆಯನ್ನು ಗುರುತಿಸುವ ಕ್ರಮ

ಹಳೆಯ ಜೀಪುಗಳ ಭಾಗಗಳು ವರ್ಷಗಳು ಕಳೆದಂತೆ ಒಂದರಿಂದ ಒಂದಕ್ಕೆ ಬದಲಾಗಿರುತ್ತವೆ. ಆದುದರಿಂದ ನೋಂದಣಿ ಪತ್ರದಲ್ಲಿರುವ ವರ್ಷವನ್ನು ನಂಬಿ ಪೆಟ್ಟಿಗೆಯ ಮಾದರಿಯನ್ನು ಊಹಿಸಬಾರದು. ಪೆಟ್ಟಿಗೆಯನ್ನೇ ಕೇಳಬೇಕು.

ಮೊದಲನೆಯ ಪ್ರಶ್ನೆ: ಹಿಂದಿನ ಪ್ರೊಪೆಲ್ಲರ್ ಶಾಫ್ಟ್ ಎಲ್ಲಿಂದ ಹೊರಡುತ್ತದೆ? 18ನೆಯ ಮಾದರಿಯಲ್ಲಿ ಹಿಂದಿನ ಮತ್ತು ಮುಂದಿನ ಶಾಫ್ಟ್‌ಗಳೆರಡೂ ವಾಹನದ ಮಧ್ಯರೇಖೆಯಿಂದ ಬಲಕ್ಕೆ ಸರಿದಿರುತ್ತವೆ. ಹಿಂದಿನ ಆಕ್ಸಲಿನ ಡಿಫರೆನ್ಷಿಯಲ್ ಕೂಡ ಬಲಕ್ಕಿರುತ್ತದೆ. 1960ರ ದಶಕದ ಆರಂಭದಲ್ಲಿ ಬಂದ 20ನೆಯ ಮಾದರಿಯಲ್ಲಿಯೂ, 1980ರಿಂದ 1986ರವರೆಗೆ ಅಮೆರಿಕದ ಸಿಜೆ ಜೀಪುಗಳಲ್ಲಿ ಬಳಸಿದ 300ನೆಯ ಮಾದರಿಯಲ್ಲಿಯೂ ಹಿಂದಿನ ಶಾಫ್ಟ್ ಮಧ್ಯದಿಂದ ಹೊರಡುತ್ತದೆ. ವಾಹನದ ಹಿಂದೆ ನಿಂತು ನೋಡಿದರೆ ಸಾಕು, ಈ ವ್ಯತ್ಯಾಸ ತಿಳಿಯುತ್ತದೆ.

ಎರಡನೆಯದು: ಪೆಟ್ಟಿಗೆಯ ಮೇಲಿನ ಜಿಡ್ಡನ್ನು ಸೀಮೆಎಣ್ಣೆಯಿಂದ ತೊಳೆದು, ಎರಕದಲ್ಲಿ ಉಬ್ಬಿ ಮೂಡಿರುವ ಅಂಕೆಗಳನ್ನು ಹುಡುಕಬೇಕು. 18 ಎಂಬ ಅಂಕೆ ಸಿಕ್ಕಿದರೆ ಮಾದರಿ ಖಚಿತ. ಸನ್ನೆಗಳ ಸಂಖ್ಯೆ ಮಾತ್ರ ಸಾಕ್ಷಿಯಾಗದು. 18ರಲ್ಲಿ ಹೆಚ್ಚಾಗಿ ಎರಡು ಸನ್ನೆಗಳಿದ್ದರೂ, ಸನ್ನೆಯನ್ನು ಯಾರು ಬೇಕಾದರೂ ಬದಲಾಯಿಸಬಹುದು.

ಮೂರನೆಯದು: ಪ್ರಮಾಣವನ್ನು ಅಳೆಯುವುದು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ‘ಲೋ’ ಹಾಕಿ, ಒಳಬರುವ ಚಕ್ರಕ್ಕೂ ಹೊರಹೋಗುವ ದಂಡಕ್ಕೂ ಸೀಮೆಸುಣ್ಣದ ಗುರುತು ಹಚ್ಚಿ, ಮೊದಲನೆಯದನ್ನು ಸುತ್ತಿಸಿ ಎರಡನೆಯದನ್ನು ಎಣಿಸಬೇಕು. ಲೋಲಕದ ಪ್ರಯೋಗದಲ್ಲಿ ಒಂದು ಆಂದೋಲನವನ್ನಳೆಯದೆ ಐವತ್ತನ್ನು ಅಳೆಯುವುದು ಏಕೆಂದು ವಿದ್ಯಾರ್ಥಿಗಳು ಬಲ್ಲರು. ಇಲ್ಲಿಯೂ ಅದೇ ನ್ಯಾಯ. ಒಳಬರುವ ಚಕ್ರವನ್ನು 10 ಸುತ್ತು ತಿರುಗಿಸಿದರೆ 1.97ರ ಪೆಟ್ಟಿಗೆಯಲ್ಲಿ ಹೊರದಂಡ 5 ಸುತ್ತಿಗಿಂತ ತುಸು ಹೆಚ್ಚು, 2.43ರದರಲ್ಲಿ 4 ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ, ಸಂದೇಹಕ್ಕೆ ಎಡೆಯಿಲ್ಲ. ಆದರೆ 1.97ಕ್ಕೂ, 20ನೆಯ ಮಾದರಿಯ 2.03ಕ್ಕೂ ಇರುವ ಭೇದವನ್ನು ಎಣಿಕೆಯಿಂದಲೇ ಕಾಣಬೇಕಾದರೆ 50 ಸುತ್ತು ಬೇಕು. ಆಗ ಉತ್ತರಗಳು 25.4 ಮತ್ತು 24.6. ಪೆಟ್ಟಿಗೆ ತೆರೆದಿದ್ದರೆ ಹಲ್ಲುಗಳನ್ನೇ ಎಣಿಸಿ ಲೆಕ್ಕ ಮಾಡುವುದು ಇನ್ನೂ ಮೇಲು. ಅದರಲ್ಲಿ ಅಳತೆಯ ದೋಷವೆಂಬುದೇ ಇಲ್ಲ.

ನಾಲ್ಕನೆಯದು, 18ನೆಯ ಮಾದರಿಗೆ ಅತ್ಯವಶ್ಯವಾದುದು: ಮಧ್ಯದಂಡದ ವ್ಯಾಸ. ವರ್ನಿಯರ್ ಕ್ಯಾಲಿಪರಿನಿಂದ, ಸವೆಯದ ಭಾಗದಲ್ಲಿ ಅಳೆಯಬೇಕು. 19.05, 28.6, 31.75 ಮಿಲಿಮೀಟರುಗಳಲ್ಲಿ ಯಾವುದಾದರೊಂದು ಬರುತ್ತದೆ. ದಂಡ, ಜೋಡಿಚಕ್ರ, ಸೂಜಿ ಬೇರಿಂಗು, ಥ್ರಸ್ಟ್ ವಾಷರುಗಳು, ಪೆಟ್ಟಿಗೆಯ ರಂಧ್ರ, ಇವೆಲ್ಲವೂ ಈ ಒಂದು ಅಳತೆಯನ್ನು ಅವಲಂಬಿಸಿವೆ. ‘18ನೆಯ ಮಾದರಿಯ ಸಾಮಾನು ಕೊಡಿ’ ಎಂದು ಅಂಗಡಿಯಲ್ಲಿ ಕೇಳುವುದು ಸಾಲದು.

ಬಿಚ್ಚುವ ಮುನ್ನ ಎಚ್ಚರ

ಈ ಜೀಪುಗಳ ಹ್ಯಾಂಡ್ ಬ್ರೇಕು ಗಾಲಿಗಳಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ತುದಿಯಲ್ಲಿದೆ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಇದರಿಂದ ಮೂರು ಅಪಾಯಗಳು ಹುಟ್ಟುತ್ತವೆ.

ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲಿನಲ್ಲಿದ್ದರೆ, ಗೇರು ಪೆಟ್ಟಿಗೆಯನ್ನು ಮೊದಲನೆಯ ಗೇರಿನಲ್ಲಿಟ್ಟಿದ್ದರೂ ಜೀಪು ಇಳಿಜಾರಿನಲ್ಲಿ ಉರುಳುತ್ತದೆ. ಗಾಲಿಗಳಿಗೂ ಎಂಜಿನ್ನಿಗೂ ಸಂಬಂಧವೇ ಕಡಿದಿರುತ್ತದೆ.

ಹಿಂದಿನ ಶಾಫ್ಟನ್ನು ಬಿಚ್ಚಿದ ಕ್ಷಣದಿಂದ ಹಿಂದಿನ ಗಾಲಿಗಳ ಮೇಲೆ ಹ್ಯಾಂಡ್ ಬ್ರೇಕಿಗೆ ಹಿಡಿತವಿಲ್ಲ.

ಮೂರನೆಯದು ಎಲ್ಲಕ್ಕಿಂತ ಮೋಸದ್ದು. ಬ್ರೇಕು ಹಾಕಿದೆ, ಶಾಫ್ಟೂ ಇದೆ, ಮುಂದಿನ ಚಾಲನೆ ಮಾತ್ರ ಬಿಡಿಸಿದೆ ಎನ್ನೋಣ. ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದರೆ, ಶಾಫ್ಟ್ ನಿಂತಿದ್ದರೂ ಡಿಫರೆನ್ಷಿಯಲ್ ಮೂಲಕ ಎತ್ತಿದ ಗಾಲಿ ಹಿಂದಕ್ಕೂ ನೆಲದ ಮೇಲಿನ ಗಾಲಿ ಮುಂದಕ್ಕೂ ತಿರುಗಬಲ್ಲವು. ಡಿಫರೆನ್ಷಿಯಲ್ಲಿನ ನಿಯಮದಂತೆ ಎರಡು ಗಾಲಿಗಳ ವೇಗಗಳ ಮೊತ್ತ ಸೊನ್ನೆಯಾಗಿದ್ದರೆ ಸಾಕು, ಪ್ರತಿಯೊಂದೂ ಸೊನ್ನೆಯಾಗಬೇಕಿಲ್ಲ. ಜೀಪು ಜಾಕಿನಿಂದ ಜಾರಿ ಕೆಳಗಿದ್ದವನ ಮೇಲೆ ಬೀಳಬಹುದು.

ಆದುದರಿಂದ ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳಿಗೆ ಎರಡೂ ಬದಿಯಲ್ಲಿ ಗಟ್ಟಿ ಅಡ್ಡಗಳನ್ನು ಕೊಟ್ಟು, ಚಾಸಿಯನ್ನು ಸ್ಟ್ಯಾಂಡುಗಳ ಮೇಲೆ ಕೂರಿಸಿದ ಬಳಿಕವೇ ಕೆಳಗೆ ಹೋಗಬೇಕು. ಹಿರಿಯ ಮೆಕಾನಿಕರೊಬ್ಬರ ಜೊತೆಯಿಲ್ಲದೆ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈ ಹಾಕಕೂಡದು.

ಬಿಚ್ಚುವುದು

ಎಣ್ಣೆಯನ್ನು ಬಿಸಿಯಿರುವಾಗಲೇ ಸುರಿಯಬೇಕು; ಆಗ ತೇಲುವ ಕಣಗಳೂ ಹೊರಬರುತ್ತವೆ. ಎಣ್ಣೆಯೇ ರೋಗದ ಮೊದಲ ಸುಳಿವು. ಹೊಂಬಣ್ಣದ ಹೊಳಪಿದ್ದರೆ ಕಂಚಿನ ಮೈಯ ಥ್ರಸ್ಟ್ ವಾಷರುಗಳು ಸವೆದಿವೆ. ಉಕ್ಕಿನ ಚೂರುಗಳಿದ್ದರೆ ಹಲ್ಲು ಅಥವಾ ಬೇರಿಂಗು ಒಡೆದಿದೆ. ಹಾಲಿನಂತೆ ಬಿಳುಪಾಗಿದ್ದರೆ ಹೊಳೆ ದಾಟುವಾಗ ನೀರು ಒಳಹೊಕ್ಕಿದೆ. ಗೇರು ಪೆಟ್ಟಿಗೆಯ ಎಣ್ಣೆ ತಗ್ಗಿ ಟ್ರಾನ್ಸ್‌ಫರ್ ಕೇಸಿನದು ಏರಿದ್ದರೆ ಎಣ್ಣೆಯು ಎರಡರ ನಡುವೆ ಹರಿಯುತ್ತಿದೆಯೆಂದು ಅರ್ಥ.

ಹಿಂದಿನ ಚಿಕ್ಕ ಮುಚ್ಚಳವನ್ನು ತೆಗೆದರೆ ಒಳಬರುವ ಚಕ್ರವನ್ನು ಹಿಡಿದಿರುವ ನಟ್ಟು ಕಾಣುತ್ತದೆ. ಅದನ್ನೂ ಚಕ್ರವನ್ನೂ ತೆಗೆದು, ಎರಡು ಪೆಟ್ಟಿಗೆಗಳನ್ನು ಬೇರ್ಪಡಿಸಬೇಕು. ಆಗ ಗೇರು ಪೆಟ್ಟಿಗೆಯ ಮುಖ್ಯದಂಡವೂ ಟ್ರಾನ್ಸ್‌ಫರ್ ಕೇಸಿನೊಡನೆ ಹಿಂದಕ್ಕೆ ಬಂದುಬಿಡುವ ಸಂಭವವುಂಟು. ಬಂದರೆ ಗೇರು ಪೆಟ್ಟಿಗೆಯನ್ನೂ ಬಿಚ್ಚಬೇಕಾದೀತು. ಮೇಲಿನ ಮುಚ್ಚಳ ತೆಗೆದು, ಮುಖ್ಯದಂಡಕ್ಕೆ ತಂತಿಯ ಕುಣಿಕೆ ಹಾಕಿ ಮುಂದಕ್ಕೆ ಬಿಗಿದುಕಟ್ಟುವುದು ಇದಕ್ಕೆ ಹಳೆಯ, ನಂಬಬಹುದಾದ ಉಪಾಯ.

ಬಳಿಕ ತಳದ ಮುಚ್ಚಳವನ್ನೂ ಮಧ್ಯದಂಡದ ಬೀಗತಗಡನ್ನೂ ತೆಗೆದು, ಹಿತ್ತಾಳೆಯ ಮೊಳೆಯಿಂದ ದಂಡವನ್ನು ಮುಂದಿನಿಂದ ಹಿಂದಕ್ಕೆ ತಟ್ಟಬೇಕು. ಉಕ್ಕಿನ ಮೊಳೆಯಾದರೆ ದಂಡದ ತುದಿ ಅರಳಿ ರಂಧ್ರವನ್ನು ಕೆರೆಯುತ್ತದೆ. ಜೋಡಿಚಕ್ರವೂ ವಾಷರುಗಳೂ ಸೂಜಿಗಳೂ ಕೆಳಗಿನ ತೆರಪಿನಿಂದ ಬರುತ್ತವೆ. ಸನ್ನೆದಂಡಗಳನ್ನು ಎಳೆಯುವಾಗ ಸ್ಪ್ರಿಂಗಿನ ಮೇಲೆ ಕುಳಿತ ಉಕ್ಕಿನ ಗುಂಡುಗಳು ಸಿಡಿಯುವುದರಿಂದ ರಂಧ್ರವನ್ನು ಬಟ್ಟೆಯಿಂದ ಮುಚ್ಚಿ ಹಿಡಿಯಬೇಕು. ತೆಗೆದ ಭಾಗಗಳನ್ನು ತೆಗೆದ ಕ್ರಮದಲ್ಲಿಯೇ ಸಾಲಾಗಿ ಇಡುವುದು, ಒಂದು ಚಿತ್ರವನ್ನು ಬರೆದುಕೊಳ್ಳುವುದು ಅವಶ್ಯ.

ಕಟ್ಟುವುದು

ಹೊರಹೋಗುವ ದಂಡವನ್ನು ಮೊದಲು ಕೂರಿಸಬೇಕು. ಇದು ಎರಡು ಶಂಕುವಿನಾಕಾರದ ರೋಲರ್ ಬೇರಿಂಗುಗಳ ಮೇಲೆ ತಿರುಗುತ್ತದೆ. ಇಂಥ ಬೇರಿಂಗು ಪಕ್ಕದ ಒತ್ತಡವನ್ನೂ ಉದ್ದದ ಒತ್ತಡವನ್ನೂ ತಡೆಯಬಲ್ಲದು; ಆದರೆ ಅದರ ಬಿಗಿತವನ್ನು ನಾವೇ ಗೊತ್ತುಮಾಡಬೇಕು. ದಂಡವು ಉದ್ದಕ್ಕೆ 0.004ರಿಂದ 0.008 ಅಂಗುಲ, ಎಂದರೆ 0.10ರಿಂದ 0.20 ಮಿಲಿಮೀಟರ್, ಆಡುವಷ್ಟು ಸಡಿಲ ಇರಬೇಕೆಂದು ತಯಾರಕರ ನಿಯಮ.

ಸಡಿಲವೇ ಏಕೆ? ಉಷ್ಣದಿಂದಾಗುವ ಹಿಗ್ಗುವಿಕೆಯನ್ನು ನೆನೆಯಿರಿ. 200 ಮಿಲಿಮೀಟರ್ ಉದ್ದದ ಉಕ್ಕಿನ ದಂಡವು ಹೊರಗಿನ ಪೆಟ್ಟಿಗೆಗಿಂತ 40 ಡಿಗ್ರಿ ಹೆಚ್ಚು ಬಿಸಿಯಾದರೆ, ಅದು ಹೆಚ್ಚಿಗೆ ಹಿಗ್ಗುವುದು 200 × 0.000012 × 40, ಎಂದರೆ ಸುಮಾರು 0.1 ಮಿಲಿಮೀಟರ್. ಬಿಡಬೇಕಾದ ಸಡಿಲವೂ ಇದೇ ಅಂದಾಜಿನದು. ತಣ್ಣಗಿರುವಾಗ ಬಿಗಿಯಾಗಿ ಕಟ್ಟಿದ ಬೇರಿಂಗು ಬಿಸಿಯಾದಾಗ ಹಿಸುಕಿಕೊಂಡು, ಇನ್ನಷ್ಟು ಬಿಸಿಯಾಗಿ, ಕೊನೆಗೆ ಸುಟ್ಟುಹೋಗುತ್ತದೆ. ಅತಿ ಸಡಿಲವಾದರೆ ದಂಡ ಅಲುಗಾಡಿ, ಎಣ್ಣೆ ಸೀಲನ್ನು ಹರಿದು, ಗೇರನ್ನು ತಾನಾಗಿ ಹೊರಕ್ಕೆ ತಳ್ಳುತ್ತದೆ.

ಸಡಿಲವನ್ನು ಡಯಲ್ ಗೇಜಿನಿಂದ ಅಳೆದು, ಹಿಂದಿನ ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಇರುವ ಷಿಮ್ ಎಂಬ ತೆಳುತಗಡುಗಳಿಂದ ಸರಿಪಡಿಸುತ್ತಾರೆ. ಸಡಿಲ ಕಡಮೆಯಿದ್ದರೆ ತಗಡನ್ನು ಸೇರಿಸಬೇಕು, ಹೆಚ್ಚಿದ್ದರೆ ತೆಗೆಯಬೇಕು.

ಅನಂತರ ಜೋಡಿಚಕ್ರ. ಸೂಜಿಗಳು ಉದುರದಂತೆ ಗ್ರೀಸು ಹಚ್ಚಿ, ಮಧ್ಯದಂಡದಷ್ಟೇ ದಪ್ಪದ ಮೊಟಕು ದಂಡವೊಂದನ್ನು ಒಳಗಿರಿಸಿ, ಎರಡೂ ಕಡೆ ಥ್ರಸ್ಟ್ ವಾಷರುಗಳನ್ನು ಹೊಂದಿಸಿ, ನಿಜದಂಡವನ್ನು ಹಿಂದಿನಿಂದ ತೂರಿಸಿದರೆ ಮೊಟಕು ದಂಡ ಮುಂದಿನಿಂದ ಹೊರಬೀಳುತ್ತದೆ. ಸೀಲುಗಳೂ ಗ್ಯಾಸ್ಕೆಟ್ಟುಗಳೂ ಹೊಸವಿರಲಿ. ಸೀಲು ಉಜ್ಜುವ ಜಾಗದಲ್ಲಿ ಯೋಕಿನ ಮೇಲೆ ತೋಡು ಬಿದ್ದಿದ್ದರೆ, ಹೊಸ ಸೀಲೂ ಸೋರುವುದೆಂದು ತಿಳಿಯಬೇಕು. ತಡೆಗುಳಿಗೆಯನ್ನು ಮರೆಯಬಾರದು. ಜೀಪಿಗೆ ಏರಿಸುವ ಮುನ್ನ ಎಲ್ಲ ಸ್ಥಾನಗಳಲ್ಲಿಯೂ ಕೈಯಿಂದ ತಿರುಗಿಸಿ ನೋಡಬೇಕು. ಬಳಿಕ 90ನೆಯ ದರ್ಜೆಯ ಗೇರು ಎಣ್ಣೆಯನ್ನು ತುಂಬುರಂಧ್ರದ ಅಂಚಿನವರೆಗೆ ಹಾಕಬೇಕು.

ಕಟ್ಟಿದ ಪೆಟ್ಟಿಗೆಯನ್ನು ಕಾಪಾಡುವುದು

ಇಷ್ಟು ಶ್ರಮದಿಂದ ಕಟ್ಟಿದ ಪೆಟ್ಟಿಗೆಯನ್ನು ಒಣ ರಸ್ತೆಯಲ್ಲಿ ನಾಲ್ಕು ಗಾಲಿಗಳ ಚಾಲನೆಯಿಂದ ಕೆಡಿಸಿಕೊಳ್ಳುವವರಿದ್ದಾರೆ. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಡಿಫರೆನ್ಷಿಯಲ್ ಇಲ್ಲ. ಮುಂದಿನ ಚಾಲನೆ ಸೇರಿಸಿದಾಗ ಎರಡು ಶಾಫ್ಟ್‌ಗಳೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹೆಚ್ಚು ದೂರ ಕ್ರಮಿಸುತ್ತವೆ. ಹಿಂದಿನ ಆಕ್ಸಲಿನ ಮಧ್ಯಬಿಂದು 6 ಮೀಟರ್ ತ್ರಿಜ್ಯದಲ್ಲಿ ತಿರುಗಲಿ. ಆಕ್ಸಲುಗಳ ಅಂತರ 2.03 ಮೀಟರ್. ಪೈಥಾಗೊರಸನ ಪ್ರಮೇಯದಂತೆ ಮುಂದಿನ ಆಕ್ಸಲಿನ ಮಧ್ಯಬಿಂದುವಿನ ತ್ರಿಜ್ಯ 6.33 ಮೀಟರ್. 90 ಡಿಗ್ರಿಯ ಒಂದು ತಿರುವಿನಲ್ಲಿ ಹಿಂದಿನದು 9.42 ಮೀಟರ್, ಮುಂದಿನದು 9.95 ಮೀಟರ್ ಚಲಿಸುತ್ತವೆ. ಗಾಲಿಯ ಸುತ್ತಳತೆ 2.26 ಮೀಟರ್ ಆದುದರಿಂದ 53 ಸೆಂಟಿಮೀಟರಿನ ವ್ಯತ್ಯಾಸವು ಗಾಲಿಯ ಸುಮಾರು ಕಾಲು ಸುತ್ತಿಗೆ, ಶಾಫ್ಟಿನ ಸುಮಾರು ಒಂದೂಕಾಲು ಸುತ್ತಿಗೆ ಸಮ.

ಕೆಸರಿನಲ್ಲಿ ಗಾಲಿಗಳು ಜಾರಿ ಈ ವ್ಯತ್ಯಾಸವನ್ನು ತೀರಿಸಿಕೊಳ್ಳುತ್ತವೆ. ಒಣ ಡಾಮರು ರಸ್ತೆಯಲ್ಲಿ ಜಾರಲು ಸುಲಭವಾಗಿ ಆಸ್ಪದವಿಲ್ಲ. ಆಗ ಶಾಫ್ಟ್‌ಗಳು ತಿರುಚಿಕೊಳ್ಳುತ್ತವೆ; ಹಲ್ಲುಗಳ ಮೇಲೆ ಒತ್ತಡ ಏರುತ್ತದೆ; ಸನ್ನೆ ಬಿಗಿದುಕೊಂಡು ಗೇರು ಬಿಡುವುದಿಲ್ಲ. ಸನ್ನೆಯನ್ನು ಸುತ್ತಿಗೆಯಿಂದ ಬಡಿಯುವುದು ಮದ್ದಲ್ಲ. ಜೀಪನ್ನು ಸ್ವಲ್ಪ ದೂರ ಹಿಂದಕ್ಕೆ ನಡೆಸಿದರೆ ತಿರುಚು ಸಡಿಲಗೊಂಡು ಸನ್ನೆ ತಾನಾಗಿ ಬಿಡುತ್ತದೆ. ನಾಲ್ಕು ಗಾಲಿಗಳ ಚಾಲನೆಯನ್ನು ಜಾರುವ ನೆಲಕ್ಕಾಗಿ ಮೀಸಲಿಡಬೇಕೆಂಬ ನಿಯಮಕ್ಕೆ ಆಧಾರ ಇಷ್ಟೇ.

ಅಭ್ಯಾಸಕ್ಕೆ ಮೂರು ಪ್ರಶ್ನೆಗಳು

1. ಯುದ್ಧಕಾಲದ ವಿಲ್ಲಿಸ್ ಜೀಪಿನಲ್ಲಿ ಮೊದಲನೆಯ ಗೇರು 2.665, ‘ಲೋ’ 1.97, ಆಕ್ಸಲು 4.88. ಒಟ್ಟು ಪ್ರಮಾಣವೆಷ್ಟು?

2. ಮುಂದಿನ ಟಯರುಗಳು ಸವೆದು ಅವುಗಳ ಸುತ್ತಳತೆ ಹಿಂದಿನವುಗಳಿಗಿಂತ ಶೇಕಡಾ 2ರಷ್ಟು ಕಡಮೆಯಾಗಿದೆ. ನೇರ ರಸ್ತೆಯಲ್ಲಿ ಎಷ್ಟು ದೂರ ಹೋಗುವಷ್ಟರಲ್ಲಿ ಮುಂದಿನ ಗಾಲಿ ಒಂದು ಸುತ್ತು ಹೆಚ್ಚಿಗೆ ತಿರುಗಬೇಕಾಗುತ್ತದೆ?

3. ಮಧ್ಯದಂಡದ ವ್ಯಾಸವನ್ನು ಮುಕ್ಕಾಲು ಅಂಗುಲದಿಂದ ಒಂದೂ ಎಂಟನೆಯ ಒಂದು ಅಂಗುಲಕ್ಕೆ ಹೆಚ್ಚಿಸಿದಾಗ ಅದರ ಬಿಗುವು ಎಷ್ಟು ಪಟ್ಟಾಗುತ್ತದೆ?

ಉತ್ತರಗಳು: 1. ಸುಮಾರು 25.6. 2. ಸುಮಾರು 50 ಸುತ್ತುಗಳಿಗೊಮ್ಮೆ, ಎಂದರೆ ಸುಮಾರು 111 ಮೀಟರಿನಲ್ಲಿ. 3. ಒಂದೂವರೆಯ ನಾಲ್ಕನೆಯ ಘಾತ, ಎಂದರೆ ಸುಮಾರು 5 ಪಟ್ಟು.